ಮೊದಲು ಏಳುವವನು

3 ಫೆಬ್ರವರಿ 1985. ಆದಿತ್ಯವಾರ

ಬೆಳಿಗ್ಗೆ ಏಳಕ್ಕೆ ಪತ್ರಿಕೆಗೆ ಕಾಗದ ಬರೆದು ಮುಗಿಸಿದೆ. ಬೀದಿದೀಪದ ವಿಷಯ. ನಮ್ಮ ಓಣಿಗೆ ಕಂಬ ಬಂದದ್ದು 1979ರ ನವೆಂಬರಿನಲ್ಲಿ. ಬಲ್ಬು ಬಂದದ್ದು ಎಂಬತ್ತೊಂದರಲ್ಲಿ. ಉರಿದದ್ದು ಹದಿನೇಳು ದಿನ. ಸಂಬಂಧಪಟ್ಟವರಿಗೆ ನೆನಪಿಲ್ಲ, ನನಗುಂಟು. ವೇದಾವತಿ ಹೇಳಿದಳು, "ಇನ್ನು ನಿಮ್ಮ ಕಾಗದದ ಬೆಳಕಿನಲ್ಲೇ ಜನ ನಡೆಯಬೇಕಷ್ಟೆ." ನಲವತ್ತು ವರ್ಷದ ಸಂಸಾರದಲ್ಲಿ ಇವಳು ನನ್ನ ಒಂದು ಕಾಗದವನ್ನೂ ಪೂರ್ತಿ ಓದಿಲ್ಲ.

ಹತ್ತೂವರೆಗೆ ಎದುರುಮನೆ ಯಜ್ಞನಾರಾಯಣರಲ್ಲಿ ಸಿನಿಮಾ. ಹನ್ನೊಂದು ವರ್ಷ ಮಸ್ಕತ್ತಿನಲ್ಲಿದ್ದು ಬಂದವರು. ವಿಸಿಆರ್ ತಂದಿದ್ದಾರೆ. ಮಣಿಪಾಲದಲ್ಲಿ ಇನ್ನೂ ಹತ್ತು ಮನೆಯಲ್ಲಿ ಇರಲಿಕ್ಕಿಲ್ಲ. ಪ್ರತಿ ಆದಿತ್ಯವಾರ ನಮಗೂ, ಪಕ್ಕದ ಮನೆಯ ಸಿರಿಲ್–ಸೆಲೀನ್ ದಂಪತಿಗೂ ಕರೆ. ಸಿನಿಮಾ ಆದ ಮೇಲೆ ಊಟ. ಕಿಟಕಿಗಳಿಗೆ ಕಂಬಳಿ ಕಟ್ಟಿ ಹಗಲನ್ನು ಕತ್ತಲೆ ಮಾಡುತ್ತಾರೆ.

ಇಂದು ಇಂಗ್ಲಿಷಿನ ದೆವ್ವದ ಚಿತ್ರ. ಮೈಯೆಲ್ಲ ಉರಿಯಿತು— ಹೆದರಿಕೆಯಿಂದಲ್ಲ, ಸಿಟ್ಟಿನಿಂದ. ಐದು ಜನ ಅತಿಥಿಗಳು, ಎಲ್ಲರೂ ಓದಿದವರು. ಕಾರು ಉಂಟು, ಪೆಟ್ರೋಲ್ ಉಂಟು. ಮನೆಯ ಯಜಮಾನ ಬಾಯಿಯಲ್ಲಿ ನಗುತ್ತಾನೆ, ಕಣ್ಣಲ್ಲಿ ಇಲ್ಲ. ಮಹಡಿಯಲ್ಲಿ ಯಾರೋ ಅಳುತ್ತಾರೆ. "ಬೆಕ್ಕು" ಎನ್ನುತ್ತಾನೆ. ಇವರು ಸೂಪಿನ ಬಟ್ಟಲನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ಸೂಪು! ಒಬ್ಬನಾದರೂ ಎದ್ದು, ಟೋಪಿ ತೆಗೆದುಕೊಂಡು, ನಮಸ್ಕಾರ ಹೇಳಿ ಹೊರಡಬಾರದೇ? ಹೊರಡಲು ಸಿದ್ಧರಾದಾಗ ಅವರಲ್ಲೊಬ್ಬಳು, ಹಸಿರು ಉಡುಪಿನವಳು, "ಇನ್ನೊಂದು ದಿನ ಇರೋಣ" ಎನ್ನುತ್ತಾಳೆ. ಮೂರ್ಖಳು. ಐವರೂ ಆ ಮನೆಯಲ್ಲೇ ಸತ್ತರು. ನನಗೆ ಒಂದಿಷ್ಟೂ ಮರುಕ ಹುಟ್ಟಲಿಲ್ಲ.

ಊಟದಲ್ಲಿ ಇದನ್ನೇ ಹೇಳಿದೆ. ಸಿರಿಲ್ ಅಂದ, "ಅವರು ಎದ್ದು ಹೋದರೆ ಸಿನಿಮಾ ಅರ್ಧ ಗಂಟೆಯಲ್ಲಿ ಮುಗಿಯುತ್ತದಲ್ವಾ ಮಾಸ್ಟ್ರೇ? ಮತ್ತೆ ನಮಗೆ ಊಟ ಹನ್ನೊಂದಕ್ಕೇ ಹಾಕಬೇಕು." ಎಲ್ಲರೂ ನಕ್ಕೆವು.


17 ಫೆಬ್ರವರಿ. ಆದಿತ್ಯವಾರ

ಇಂದಿನ ಸಿನಿಮಾ ನೆನಪಿಡುವಂಥದ್ದಲ್ಲ. ಊಟ ಚೆನ್ನಾಗಿತ್ತು.

ಯಜ್ಞನಾರಾಯಣರಿಗೆ ಎರಡು ಹೆಮ್ಮೆ. ಒಂದು, ತಮ್ಮಲ್ಲಿ ಜಾತಿಭೇದವಿಲ್ಲ. ಸಿರಿಲ್, ಸೆಲೀನ್ ನಮ್ಮ ಸಾಲಿನಲ್ಲೇ ಕೂರುತ್ತಾರೆ. ಇನ್ನೊಂದು, ಪಂಕ್ತಿಯ ಶಿಸ್ತು. ಮಸ್ಕತ್ತಿನಲ್ಲಿ ಹನ್ನೊಂದು ವರ್ಷ ಮೇಜಿನ ಮೇಲೆ ಉಂಡರೂ ಬಿಟ್ಟಿಲ್ಲವಂತೆ. ನೆಲದ ಮೇಲೆ ಬಾಳೆಎಲೆ. ವಯಸ್ಸಿನಲ್ಲಿ ಹಿರಿಯ ಎಂದು ನನಗೆ ಮೊದಲ ಎಲೆ. ನಾನು ಏಳುವವರೆಗೆ ಯಾರೂ ಏಳುವಂತಿಲ್ಲ. ನಾನು ಎದ್ದರೆ, ಎಲೆಯಲ್ಲಿ ಏನಿದ್ದರೂ, ಎಲ್ಲರೂ ಏಳಬೇಕು. ನನ್ನ ಅಪ್ಪನ ಕಾಲದ ಕ್ರಮ. ನಮ್ಮ ಮನೆಯಲ್ಲೇ ಬಿಟ್ಟುಹೋಗಿದೆ. ಇಲ್ಲಿ ಕಂಡು ಖುಷಿಯಾಯಿತು, ಸುಳ್ಳೇಕೆ.

ಬಡಿಸುವುದು ಅವರ ಹೆಂಡತಿ ರಮಾಮಣಿ. ಕಾರ್ಕಳದ ಹತ್ತಿರ ಕುಕ್ಕುಂದೂರಿನ ಹೆಣ್ಣು. ಮೂವತ್ತೆಂಟು ಇರಬಹುದು. ಮಕ್ಕಳಿಲ್ಲ. ಮಾತೂ ಇಲ್ಲವೆನ್ನಬೇಕು. ವೇದಾವತಿ ಕೈ ಜೋಡಿಸುತ್ತಾಳೆ. ನಾವು ಎದ್ದ ಮೇಲೆ ಅವರಿಬ್ಬರ ಊಟ.

ಒಂದು ಸಂಗತಿ. ಯಜ್ಞನಾರಾಯಣರಲ್ಲಿ ಓಟದ ಪಂದ್ಯಕ್ಕೆ ಬಳಸುವಂಥ ಒಂದು ಸ್ಟಾಪ್‌ವಾಚ್ ಉಂಟು. ಕಾಫಿ ಹೇಳಿದರು. ವಾಚ್ ಒತ್ತಿದರು. ರಮಾಮಣಿ ತಟ್ಟೆ ತಂದಾಗ ನಿಲ್ಲಿಸಿ ನಮಗೆ ತೋರಿಸಿದರು. "ನಾಲ್ಕು ನಿಮಿಷ ಹತ್ತು. ಮೊನ್ನೆ ಮೂರು ಐವತ್ತಿತ್ತು. ಇಳಿಯಬೇಕಾದ್ದು ಏರ್ತಾ ಉಂಟು ಮಾಸ್ಟ್ರೇ."

ನಾವು ನಕ್ಕೆವು. ತಮಾಷೆ ಎಂದೇ ಹೇಳಿದರಲ್ಲ.


24 ಫೆಬ್ರವರಿ. ಆದಿತ್ಯವಾರ, ಸಂಜೆ

ಸಿನಿಮಾ ಶುರುವಾಗುವಾಗ ಮುಂಬಾಗಿಲಿಗೆ ಒಳಗಿನಿಂದ ಬೀಗ ಹಾಕುತ್ತಾರೆ. ಕೀಲಿ ಕಿಸೆಗೆ. "ಓಣಿಯ ಮಕ್ಕಳೆಲ್ಲ ನುಗ್ಗುತ್ತಾರೆ ಮಾರಾಯ್ರೇ." ಇರಬಹುದು. ಆದರೆ ಗುರುವಾರ ಅವರು ಉಡುಪಿಗೆ ಹೋಗುವಾಗ ಹೊರಗಿನಿಂದಲೂ ಬೀಗ ಹಾಕಿದ್ದನ್ನು ನಮ್ಮ ಜಗಲಿಯಿಂದ ಕಂಡೆ. ರಮಾಮಣಿ ಒಳಗಿದ್ದಳು. ಕಿಟಕಿಯಲ್ಲಿ ಅವಳ ಕೈ ಕಂಡಿತ್ತು.

ಈ ಸೆಕೆಯಲ್ಲೂ ಅವಳು ಮೊಣಕೈ ದಾಟಿದ ರವಿಕೆ ಹಾಕುತ್ತಾಳೆ. ಸೆಲೀನ್ ಆಸ್ಪತ್ರೆಯಲ್ಲಿ ನರ್ಸು; ಅವಳ ಕಣ್ಣು ಎರಡು ಸಲ ಆ ತೋಳಿನ ಮೇಲೆ ನಿಂತದ್ದನ್ನು ನೋಡಿದೆ. ನಾನು ನೋಡಿದ್ದನ್ನು ಅವಳೂ ನೋಡಿದಳು. ಇಬ್ಬರೂ ಹುಳಿ ಹಾಕಿಸಿಕೊಂಡೆವು.

ಮನೆಗೆ ಬಂದು ವೇದಾವತಿಯನ್ನು ಕೇಳಿದೆ. ಅವಳು ಸೀರೆ ಮಡಚುತ್ತಿದ್ದವಳು ತಲೆಯೆತ್ತಲಿಲ್ಲ. "ಕಾಣುವುದಿಲ್ಲವಾ ನಿಮಗೆ? ಮೊದಲ ದಿನವೇ ಕಂಡಿತು ನನಗೆ."

"ಮತ್ತೆ ಯಾಕೆ ಹೋಗುತ್ತೀ?"

"ಆದಿತ್ಯವಾರ ಆಗುತ್ತದಲ್ಲ, ಅದಕ್ಕೆ."

ಇದೆಂಥ ಉತ್ತರ?


10 ಮಾರ್ಚ್. ಆದಿತ್ಯವಾರ, ಮಧ್ಯಾಹ್ನ 2-30

ಎದ್ದು ಬಂದೆ.

ಕ್ರಮವಾಗಿ ಬರೆಯಬೇಕು.

ಮತ್ತೊಂದು ದೆವ್ವದ ಚಿತ್ರ. ನಾಯಕಿ ಕಿರುಚುತ್ತಾಳೆ. ಯಜ್ಞನಾರಾಯಣ ಯಂತ್ರ ನಿಲ್ಲಿಸಿದ. ಬಾಯಿ ತೆರೆದ ಹೆಂಗಸು ಪರದೆಯ ಮೇಲೆ ಅದುರುತ್ತ ನಿಂತಳು. "ಇವಳೆಂತ ಕಿರುಚುತ್ತಾಳೆ! ನಮ್ಮವಳದ್ದು ಕೇಳಬೇಕು ನೀವು. ರಮಾ, ಬಾ ಇಲ್ಲಿ. ಒಂದು ಸಲ ಕಿರುಚು ನೋಡುವಾ."

ರಮಾಮಣಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಬೇಡ" ಅಂದಳು. ಅವನು ನಗುತ್ತಲೇ ಇದ್ದ. ಕೈಯಲ್ಲಿ ಸ್ಟಾಪ್‌ವಾಚ್. ಒತ್ತಿದ. ಟಿಕ್ ಟಿಕ್ ಕೇಳುತ್ತಿತ್ತು. ಸಿರಿಲ್ ಕನ್ನಡಕ ತೆಗೆದು ಒರೆಸಿಕೊಂಡ. ನಾನು ನನ್ನ ಪಾದ ನೋಡಿಕೊಂಡೆ. ಎಷ್ಟು ಹೊತ್ತೋ.

ಕಿರುಚಿದಳು. ಸಣ್ಣಗೆ. ಮಗು ನಿದ್ದೆಯಲ್ಲಿ ಮಾಡುವ ಸದ್ದಿನ ಹಾಗೆ.

ಅವನು ಚಪ್ಪಾಳೆ ತಟ್ಟಿದ. ನಾನೂ ತಟ್ಟಿದೆ! ಎರಡು ಸಲ, ಬರೀ ಅಭ್ಯಾಸದಿಂದ. ಮೂವತ್ತಮೂರು ವರ್ಷ ಶಾಲೆಯ ಸಭೆಗಳಲ್ಲಿ ತಟ್ಟಿದ ಕೈ. ಇದನ್ನೂ ಬರೆಯಬೇಕು.

ಆಮೇಲೆ ಎಲೆ ಹಾಕಿದರು. ಕೂತೆವು. ಅನ್ನ, ಸಾರು ಬಂತು. ರಮಾಮಣಿ ಬಡಿಸುವಾಗ ಒಂದು ಹನಿ ಅವನ ತೊಡೆಗೆ ಬಿತ್ತು. ಅವನು ಅವಳನ್ನು ನೋಡಿ ಮುಗುಳ್ನಕ್ಕ, "ಆಮೇಲೆ" ಅಂದ. ಒಂದೇ ಮಾತು.

ನನಗೆ ಆ ಸೂಪಿನ ಬಟ್ಟಲು ನೆನಪಾಯಿತು. ಎದ್ದೆ. ಸಾರನ್ನದ ಮಧ್ಯದಲ್ಲೇ. "ಯಜ್ಞನಾರಾಯಣರೇ, ಈ ಮನೆಯ ಅನ್ನ ನನಗೆ ಇಳಿಯುವುದಿಲ್ಲ" ಎಂದೆ. ಗಟ್ಟಿಯಾಗಿಯೇ. ನಾನು ಎದ್ದ ಮೇಲೆ ಎಲ್ಲರೂ ಏಳಬೇಕಾಯಿತು. ಸಿರಿಲ್, ಸೆಲೀನ್, ಅವನೂ. ತುಂಬಿದ ನಾಲ್ಕು ಎಲೆ ನೆಲದ ಮೇಲೆ ಉಳಿಯಿತು. ಅವನು ಕೀಲಿ ತೆಗೆದ. ಒಬ್ಬೊಬ್ಬರಾಗಿ ಹೊರಗೆ ಬಂದೆವು. ಹಿಂದಿನಿಂದ ಬೀಗ ಬಿದ್ದ ಸದ್ದು.

ವೇದಾವತಿ ಕೊನೆಗೆ ಬಂದಳು. ಸೌಟು ಇನ್ನೂ ಅವಳ ಕೈಯಲ್ಲೇ ಇತ್ತು, ಮರೆತು ತಂದಿದ್ದಳು.

ಕೊನೆಗೂ ಒಬ್ಬನಾದರೂ ಎದ್ದು ಹೊರಟನಲ್ಲ. ತೃಪ್ತಿಯುಂಟು.


11 ಮಾರ್ಚ್

ವೇದಾವತಿ ಮಾತಾಡುತ್ತಿಲ್ಲ. ಸೌಟನ್ನು ತೊಳೆದು ಕಿಟಕಿಯಲ್ಲಿ ಇಟ್ಟಿದ್ದಾಳೆ.


12 ಮಾರ್ಚ್. ಮಂಗಳವಾರ

ಸೆಲೀನ್ ಡ್ಯೂಟಿ ಮುಗಿಸಿ ನಮ್ಮ ಗೇಟಿನಲ್ಲಿ ನಿಂತಳು. ಒಳಗೆ ಬರಲಿಲ್ಲ. ನಿನ್ನೆ ಬೆಳಿಗ್ಗೆ ರಮಾಮಣಿಯನ್ನು ಆಸ್ಪತ್ರೆಗೆ ತಂದಿದ್ದರಂತೆ. ಎಡಗೈ ಮಣಿಕಟ್ಟು ಮುರಿದಿದೆ. ಬಚ್ಚಲಿನಲ್ಲಿ ಜಾರಿದ್ದು ಎಂದು ಗಂಡ ಹೇಳಿದ. ಬರೆದುಕೊಂಡರು. ಪ್ಲಾಸ್ಟರ್ ಹಾಕಿದರು. ಆರು ವಾರ.

"ನೀನು ಹೇಳಲಿಲ್ಲವಾ ಡಾಕ್ಟರಿಗೆ?"

"ಎಂತ ಹೇಳುವುದು ಮಾಸ್ಟ್ರೇ? ಅವಳೇ ಹೇಳಿದಳು ಜಾರಿದ್ದು ಅಂತ. ಮತ್ತೆ ನಮ್ಮ ಮನೆ..."

ಅವರ ಮನೆ ಯಜ್ಞನಾರಾಯಣನದ್ದು. ಬಾಡಿಗೆಗಿದ್ದಾರೆ. ಮಾತು ಮುಗಿಸದೆ ಹೋದಳು.


16 ಮಾರ್ಚ್. ಶನಿವಾರ

ಮೂರು ದಿನ ಬರೆಯಲಿಲ್ಲ. ಬರೆಯುವಂಥದ್ದು ಇರಲಿಲ್ಲ, ಅಥವಾ ಇತ್ತು.

ಬೆಳಿಗ್ಗೆ ಒಂಬತ್ತಕ್ಕೆ ಅಮ್ಮಣ್ಣಿ ಬಂದಳು. ಕಾಪುವಿನಿಂದ ಮೊದಲ ಬಸ್ಸಿನಲ್ಲಿ ಮೀನು ತರುವವಳು. ಸೆಲೀನ್ ಮನೆಗೆ ಕೊಟ್ಟು ಹಿಂದಿನ ಕಾಂಪೌಂಡಿನ ಹಾದಿಯಲ್ಲಿ ಹೋಗುತ್ತಾಳೆ, ಯಜ್ಞನಾರಾಯಣನ ಅಡುಗೆಮನೆಯ ಕಿಟಕಿಯ ಬದಿಯಲ್ಲೇ. ಇಂದು ಬುಟ್ಟಿ ಇಳಿಸಿ ನಮ್ಮ ಮೆಟ್ಟಿಲಲ್ಲಿ ಕೂತಳು. ನಮ್ಮಲ್ಲಿ ಮೀನಿಲ್ಲ, ಅವಳಿಗೆ ಗೊತ್ತು.

"ಮಾಸ್ಟ್ರೇ, ಆದಿತ್ಯವಾರ ಊಟದಿಂದ ಎದ್ದದ್ದು ನೀವಂತೆ?"

"ಹೌದು." ಎದೆ ಸ್ವಲ್ಪ ಎತ್ತಿಯೇ ಹೇಳಿದೆ.

"ಯಾಕೆ?"

"ಯಾಕೆಂದರೆ? ಅಂಥ ಮನೆಯಲ್ಲಿ ಕೂತು ಉಣ್ಣುವುದಾ?"

ಅವಳು ಎಲೆಅಡಿಕೆ ಉಗುಳಿ ಬಂದು ಮತ್ತೆ ಕೂತಳು. "ನೀವು ಉಣ್ಣುವುದು ಯಾರಿಗೆ ಬೇಕು ಮಾಸ್ಟ್ರೇ? ನೀವು ಕೂರುವುದು ಬೇಕಿತ್ತು. ಕಿಟಕಿಯಲ್ಲಿ ನನ್ನ ಹತ್ತಿರ ಆ ಅಮ್ಮ ಮಾತಾಡುವುದುಂಟು. ವಾರಕ್ಕೆ ಒಂದು ಹೊತ್ತು ಹೊಟ್ಟೆ ತುಂಬ ಉಣ್ಣುವುದು ನಿಮ್ಮ ಹೆಂಡತಿ ಪಕ್ಕದಲ್ಲಿ ಕೂತಾಗ. ಬೇರೆ ದಿನ ಅವನು ಅಳೆದು ಕೊಡುವುದು. ನೀವೆಲ್ಲ ಒಳಗಿರುವಾಗ ಅವನ ಕೈ ಮೇಲೆ ಏಳುವುದಿಲ್ಲ. ಅಷ್ಟೇ ಅವಳಿಗೆ ಆದಿತ್ಯವಾರ. ಅಂದು ನೀವು ಎದ್ದಿರಿ, ಮನೆ ಖಾಲಿಯಾಯಿತು. ತುಂಬಿದ ನಾಲ್ಕು ಎಲೆ. ಒಂದೊಂದು ಎಲೆಗೆ ಎಷ್ಟು ಅಂತ ಅವನು ಕೇಳಿದನಂತೆ."

"ಎಷ್ಟು ಎಂದರೆ? ಎಂತದ್ದು?"

ಅಮ್ಮಣ್ಣಿ ನನ್ನನ್ನೇ ನೋಡಿದಳು. ಬುಟ್ಟಿ ಎತ್ತಲು ವೇದಾವತಿಯನ್ನು ಕರೆದಳು, ನನ್ನನ್ನಲ್ಲ.


17 ಮಾರ್ಚ್. ಆದಿತ್ಯವಾರ

ಎದುರುಮನೆಯ ಕಿಟಕಿಗೆ ಇಂದು ಕಂಬಳಿ ಇಲ್ಲ. ಸಿನಿಮಾ ಇಲ್ಲ. ಬಾಗಿಲಿಗೆ ಬೀಗ. ನಿಶ್ಶಬ್ದ.

ನನಗೆ ಎಲ್ಲವೂ ನೆನಪಿರುತ್ತದೆ ಎಂದು ಜಂಬ. ಒಂದನ್ನು ಬರೆದೇ ಇರಲಿಲ್ಲ. 1941. ನನಗೆ ಹದಿನೇಳು. ಹೈಸ್ಕೂಲಿನ ಕೊನೆಯ ವರ್ಷಕ್ಕೆ ಕಾರ್ಕಳದಲ್ಲಿ ದೊಡ್ಡಮ್ಮನ ಮಗಳು ವಸಂತಿ ಅಕ್ಕನ ಮನೆಯಲ್ಲಿದ್ದೆ. ಭಾವ ಒಂದು ಸಂಜೆ ನನ್ನೆದುರೇ ಅವಳ ತಲೆಯ ಮೇಲೆ ಗಂಜಿ ಸುರಿದ. ಮರುದಿನ ಪುಸ್ತಕ ಕಟ್ಟಿಕೊಂಡು ಗೆಳೆಯನ ಕೋಣೆಗೆ ಹೊರಟೆ. ಅಭಿಮಾನಿ ಹುಡುಗ ಎಂದು ಊರೆಲ್ಲ ಹೊಗಳಿತು. ಅಕ್ಕ ಮೆಟ್ಟಿಲವರೆಗೆ ಬಂದು, "ಪರೀಕ್ಷೆ ಮುಗಿಯುವವರೆಗಾದರೂ ಇರಬಹುದಿತ್ತು" ಅಂದಳು. ನನ್ನ ಓದಿನ ಬಗ್ಗೆ ಹೇಳುತ್ತಿದ್ದಾಳೆ ಎಂದುಕೊಂಡೆ. "ಅಲ್ಲೂ ಓದಬಹುದು" ಎಂದೆ.

ಮರುವರ್ಷ ಬಾವಿಯ ಸುದ್ದಿ ಬಂತು.

ಬೀದಿದೀಪ ಉರಿದ ದಿನ ಎಣಿಸಿಟ್ಟವನು ಇದನ್ನು ನಲವತ್ತನಾಲ್ಕು ವರ್ಷ ಎಲ್ಲಿಟ್ಟಿದ್ದೆ?


18 ಮಾರ್ಚ್. ಸೋಮವಾರ

ಹೋಗಿ ಕ್ಷಮೆ ಕೇಳಿ ಬಂದೆ.

ಅವನು ಕೂರಿಸಲಿಲ್ಲ. ಜಗಲಿಯಲ್ಲಿ ನಿಲ್ಲಿಸಿದ. "ಎಂತ ಮಾಸ್ಟ್ರೇ, ಅನ್ನ ಈಗ ಇಳಿಯುತ್ತದಾ?"

"ಅಂದು ಪಿತ್ತ ಏರಿತ್ತು. ತಪ್ಪಾಯಿತು."

"ಪಂಕ್ತಿಯ ಮಧ್ಯದಲ್ಲಿ ಏಳುವುದು ಅಂದರೆ ಮನೆಯ ಯಜಮಾನನ ಮುಖಕ್ಕೆ ಉಗಿದ ಹಾಗೆ. ನಿಮಗೆ ನಾನು ಹೇಳಿಕೊಡುವುದಾ?"

"ಇಲ್ಲ."

"ಹೇಳಿ ಮತ್ತೆ."

"ತಪ್ಪಾಯಿತು ಯಜ್ಞನಾರಾಯಣರೇ."

ಎರಡು ಸಲ ಹೇಳಿಸಿದ. ಒಳಗೆ ಬಿಳಿ ಪ್ಲಾಸ್ಟರ್ ಒಂದು ಕ್ಷಣ ಕಂಡು ಮರೆಯಾಯಿತು. ನಾನು ಅವನ ವಿಸಿಆರನ್ನು ಹೊಗಳಿದೆ. ಚಿತ್ರ ಎಷ್ಟು ಸ್ಪಷ್ಟ, ಯಾವ ಕಂಪನಿ, ಎಲ್ಲ ಕೇಳಿದೆ. ಕೊನೆಗೆ ನಕ್ಕ. "ಆದಿತ್ಯವಾರ ಬನ್ನಿ. ಹೊಸ ಕ್ಯಾಸೆಟ್ ಉಂಟು."

ಮನೆಗೆ ಬಂದು ಬಾಯಿ ತೊಳೆದೆ. ವೇದಾವತಿ ಕಿಟಕಿಯಿಂದ ಸೌಟು ತೆಗೆದಳು. "ಇದನ್ನು ಹಿಂದೆ ಕೊಡಬೇಕಲ್ಲ" ಅಂದಳು. ಎಂಟು ದಿನದ ಮೇಲೆ ಮೊದಲ ಮಾತು.


24 ಮಾರ್ಚ್. ಆದಿತ್ಯವಾರ

ಮತ್ತೆ ಮೊದಲ ಎಲೆಯ ಮುಂದೆ. ಸಿರಿಲ್, ಸೆಲೀನ್ ಕೂಡ ಬಂದರು. ಈಗ ಅವರಿಗೆ ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು, ಮಾಂಸ ಬಿಟ್ಟಿದ್ದಾರೆ. "ನಿಮ್ಮಲ್ಲಿ ಉಂಡರೆ ಪಾಪವೂ ಇಲ್ಲ, ಖರ್ಚೂ ಇಲ್ಲ" ಎಂದ ಸಿರಿಲ್. ಅವನ ತಮಾಷೆಗೆ ಯಾರೂ ನಗಲಿಲ್ಲ.

ನಿಧಾನ ಉಣ್ಣುವುದು ಕಲಿಯುತ್ತಿದ್ದೇನೆ. ಒಂದೊಂದು ತುತ್ತನ್ನು ನಲವತ್ತು ಸಲ ಅಗಿದೆ. ಎರಡನೆಯ ಸಲ ಸಾರು. ಮೂರನೆಯ ಸಲ ಮಜ್ಜಿಗೆ. ಐವತ್ತೈದು ನಿಮಿಷ ಎಳೆದೆ. ರಮಾಮಣಿ ಒಂದೇ ಕೈಯಲ್ಲಿ ಬಡಿಸಿದಳು. ನನ್ನ ಎಲೆಯ ಹತ್ತಿರ ಬಂದಾಗ ಮುಖ ನೋಡಲಿಲ್ಲ. ಆದರೆ ಕೇಳದೆಯೇ ಮತ್ತೊಂದು ಸೌಟು ಅನ್ನ ಹಾಕಿದಳು.

ನಾವು ಎದ್ದ ಮೇಲೆ ಅವರಿಬ್ಬರ ಊಟ ಇನ್ನೊಂದು ಗಂಟೆ. ಅಷ್ಟು ಹೊತ್ತು ಅವನ ಮಸ್ಕತ್ತಿನ ಕತೆ ಕೇಳಿದೆ. "ಆಮೇಲೆ?" ಎಂದೆ. ಮತ್ತೆ ಮತ್ತೆ, "ಆಮೇಲೆ?"


27 ಮಾರ್ಚ್

ಆದಿತ್ಯವಾರ ಎಲೆಯ ಮುಂದೆ ರಮಾಮಣಿ ಹೇಳಿದ್ದನ್ನು ವೇದಾವತಿ ಇಂದು ಹೇಳಿದಳು. ಮೂರು ದಿನ ಅವಳ ಹೊಟ್ಟೆಯಲ್ಲೇ ಇತ್ತು.

"ಅಕ್ಕ, ನಾನಾಗಿ ಬಾಗಿಲು ದಾಟಿದರೆ ತವರಿನಲ್ಲಿ ಸೇರಿಸುವುದಿಲ್ಲ. ಓಡಿ ಬಂದವಳಾಗುತ್ತೇನೆ. ಅಣ್ಣ ಬಂದು ಕರೆದರೆ, ಕರೆದುಕೊಂಡು ಹೋದವಳು. ಅಣ್ಣನಿಗೆ ಬರೆದ ಕಾಗದ ಇವರೇ ಪೋಸ್ಟಿಗೆ ಹಾಕುವುದು."

ಸಿರಿಲ್ ಅಂಚೆ ಕಚೇರಿಯಲ್ಲಿ ಗುಮಾಸ್ತ. ಕೇಳಿದೆ. ಅವನು ಹೇಳಿದ, "ಎರಡು ವರ್ಷದಲ್ಲಿ ಆ ಮನೆಯಿಂದ ಕುಕ್ಕುಂದೂರಿಗೆ ಒಂದು ಕಾಗದ ನಾನು ಕಂಡಿಲ್ಲ ಮಾಸ್ಟ್ರೇ."

ಅಣ್ಣನ ಹೆಸರು ವಿಠಲ. ಇಂದೇ ಇನ್ಲೆಂಡ್ ಬರೆದೆ. ಜೀವಮಾನದಲ್ಲಿ ಬರೆದ ಅತಿ ಚಿಕ್ಕ ಕಾಗದ. ವಿಶೇಷಣ ಒಂದೂ ಇಲ್ಲ. ಕೈ ಮುರಿದದ್ದು, ಬೀಗ, ಅಳೆದ ಅನ್ನ. ಏಪ್ರಿಲ್ 14ರ ಬಿಸು ಹಬ್ಬದ ದಿನ ಮಧ್ಯಾಹ್ನ ಒಂದೂವರೆಗೆ ಬರಬೇಕು. ಹಬ್ಬಕ್ಕೆ ತಂಗಿಯನ್ನು ಕರೆಯಲು ಬಂದ ಅಣ್ಣನನ್ನು ಯಾರೂ ತಡೆಯುವಂತಿಲ್ಲ. ಆ ಹೊತ್ತಿಗೆ ನಾವೆಲ್ಲ ಊಟಕ್ಕೆ ಕೂತಿರುತ್ತೇವೆ, ಸಾಕ್ಷಿಗಿರುತ್ತೇವೆ.

ಸಿರಿಲ್ ಅದನ್ನು ಕಿಸೆಯಲ್ಲಿ ಹಾಕಿಕೊಂಡ. "ನಾನೇ ಚೀಲಕ್ಕೆ ಹಾಕುತ್ತೇನೆ. ನಾನು ಹಾಕಿದ್ದು ಅಂತ ಮಾತ್ರ ಯಾರಿಗೂ ಬೇಡ."


4 ಏಪ್ರಿಲ್

ಕಾರ್ಡು ಬಂತು. ನನ್ನ ವಿಳಾಸಕ್ಕೆ. ಎರಡು ಸಾಲು. "ತಾವು ಬರೆದದ್ದು ತಿಳಿಯಿತು. ಬರುತ್ತೇನೆ. ವಿಠಲ."

ವೇದಾವತಿ ಅದನ್ನು ಹಿಂದೆ ಮುಂದೆ ತಿರುಗಿಸಿದಳು. "ಇಷ್ಟೇನಾ?" ಅಂದಳು. ನನಗೂ ಅದೇ ಅನ್ನಿಸಿತ್ತು.


7 ಏಪ್ರಿಲ್. ಆದಿತ್ಯವಾರ

ಸಿರಿಲ್ ಮನೆಯಲ್ಲಿ ಈಸ್ಟರ್. ಅವರು ಬರಲಿಲ್ಲ. ನಾನು, ಯಜ್ಞನಾರಾಯಣ— ಎರಡೇ ಎಲೆ. ಒಂದು ಗಂಟೆ ಹತ್ತು ನಿಮಿಷ ಕೂತೆ. ಅವನು ಸ್ಟಾಪ್‌ವಾಚ್ ತೆಗೆದು ನನ್ನ ಎಲೆಯ ಪಕ್ಕದಲ್ಲಿಟ್ಟ. ನಗಲಿಲ್ಲ.


14 ಏಪ್ರಿಲ್. ಬಿಸು. ಬೆಳಿಗ್ಗೆ 8-00

ಹಬ್ಬದ ಸ್ನಾನ ಆಯಿತು. ಕಿಸೆ ಡೈರಿಯನ್ನು ಇಂದು ಜೊತೆಗೆ ಒಯ್ಯುತ್ತೇನೆ. ಎರಡು ಸೀರೆಯ ಚೀಲ ಅಕ್ಕಿ ಡಬ್ಬಿಯ ಹಿಂದೆ ಉಂಟು ಎಂದು ರಮಾಮಣಿ ಹೇಳಿದ್ದಾಳಂತೆ. ಮಾಡಬೇಕಾದ್ದು ಒಂದೇ. ಏಳದೆ ಇರುವುದು.


ಮಧ್ಯಾಹ್ನ 3-20. ಅವನ ಹಾಲ್‌ನಲ್ಲಿ

ಇಲ್ಲೇ ಕೂತು ಬರೆಯುತ್ತಿದ್ದೇನೆ. ಅವನು ಎದುರು ಕುರ್ಚಿಯಲ್ಲಿ. "ಎಂತ ಬರೀತೀರಿ?" ಎಂದ. "ಗಂಟೆ" ಎಂದೆ.

ಹನ್ನೆರಡೂ ಮುಕ್ಕಾಲಿಗೆ ಎಲೆ ಹಾಕಿದರು. ತೊಂಡೆಕಾಯಿ–ಎಳೆ ಗೇರುಬೀಜದ ಪಲ್ಯ, ಹಲಸಿನ ಹುಳಿ, ಹೆಸರುಬೇಳೆ ಪಾಯಸ. ಒಂದೂವರೆಯಾಯಿತು. ಯಾರೂ ಬರಲಿಲ್ಲ. ಪಾಯಸ ಎರಡು ಸಲ ಹಾಕಿಸಿಕೊಂಡೆ. ಎರಡು ಗಂಟೆ. ಹಬ್ಬದ ದಿನ, ಬಸ್ಸಿನಲ್ಲಿ ರಶ್ಶು, ಎಂದು ನನಗೆ ನಾನೇ ಹೇಳಿಕೊಂಡೆ. ಮಜ್ಜಿಗೆ. ಮತ್ತೆ ಮಜ್ಜಿಗೆ. ಎರಡೂ ಕಾಲಕ್ಕೆ ಎಲೆಯಲ್ಲಿ ಉಣ್ಣುವಂಥದ್ದೇನೂ ಉಳಿದಿರಲಿಲ್ಲ. ಬೆರಳು ಒಣಗಿ ಒಂದಕ್ಕೊಂದು ಅಂಟಿತು.

"ಮಾಸ್ಟ್ರೇ, ಏಳಬಹುದಲ್ವಾ?"

"ಇನ್ನೂ ಹಸಿವುಂಟು."

"ಎಲೆಯಲ್ಲಿ ಎಂತದ್ದೂ ಇಲ್ಲ."

"ಬರಲಿ."

ರಮಾಮಣಿ ಒಂದು ಸೌಟು ಅನ್ನ ತಂದಳು. ಸೌಟು ಎಲೆಗೆ ತಾಗಿ ಟಕಟಕ ಎಂದಿತು. ನಾನು ಒಂದೊಂದೇ ಅಗುಳು ತಿಂದೆ.

ಎರಡೂವರೆ. ಅವನಿಗೆ ಅರ್ಥವಾಗಿತ್ತು. ಯಾವುದಕ್ಕೆಂದು ಗೊತ್ತಿಲ್ಲದಿದ್ದರೂ, ಕಾಯುತ್ತಿದ್ದೇವೆಂದು. "ಎಂತ ಇದು, ಸತ್ಯಾಗ್ರಹವಾ?" ಆಮೇಲೆ ಮೆಲ್ಲಗೆ, "ಸಿರಿಲ್, ನೀವು ಏಳಿ. ನಿಮಗೆ ಈ ಕ್ರಮ ಇಲ್ಲವಲ್ಲ. ಮನೆಯ ವಿಷಯ ಸಂಜೆ ಸ್ವಲ್ಪ ಮಾತಾಡುವುದುಂಟು ನಿಮ್ಮ ಹತ್ತಿರ."

ಸಿರಿಲ್ ನನ್ನನ್ನು ನೋಡಿದ. ಅವನ ಹಣೆಯಲ್ಲಿ ಬೆವರು. ಎದ್ದ. ಪಕ್ಕದಲ್ಲಿ ಸೆಲೀನ್ ಎಲೆಯಿಂದ ಕಣ್ಣೆತ್ತದೆ, "ನನಗೆ ಮಜ್ಜಿಗೆ ಬೇಕು" ಅಂದಳು. "ಸೆಲೀನ್" ಎಂದ ಸಿರಿಲ್. "ನೀವು ಹೋಗಿ. ನನಗೆ ಮಜ್ಜಿಗೆ ಬೇಕು."

ಸಿರಿಲ್ ಹೋದ. ಅವನು ಕೂತಲ್ಲಿಂದಲೇ ವೇದಾವತಿಗೆ ಕೀಲಿ ಕೊಟ್ಟು ಬಾಗಿಲು ತೆಗೆಸಿ, ಮತ್ತೆ ಹಾಕಿಸಿ, ಕೀಲಿ ಹಿಂದೆ ತೆಗೆದುಕೊಂಡ.

ಮೂರಕ್ಕೆ ಹತ್ತು ನಿಮಿಷವಿರುವಾಗ ಅವನೇ ಎದ್ದ. ಹಿರಿಯ ಏಳುವ ಮುಂಚೆ. ಹನ್ನೊಂದು ವರ್ಷ ಮಸ್ಕತ್ತಿನಲ್ಲೂ ಬಿಡದ ಶಿಸ್ತು. ಎದ್ದು, ನನ್ನ ಎಲೆಯನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ. ಕೈ ತೊಳೆದು ಬಂದು ಹಾಲ್‌ನಲ್ಲಿ ಕೂತೆ. ಸೆಲೀನ್‌ಗೆ ನಾಲ್ಕಕ್ಕೆ ಡ್ಯೂಟಿ. ಹೋಗುವಾಗ ನನ್ನ ಹತ್ತಿರ ಬಗ್ಗಿ ನೆರಿಗೆ ಸರಿಮಾಡಿಕೊಂಡಳು. "ಕಾರ್ಕಳದ ಬಸ್ಸು ನಿಲ್ಲುವಲ್ಲಿ ನೋಡಿಕೊಂಡು ಹೋಗುತ್ತೇನೆ."

ವೇದಾವತಿ ಅಡುಗೆಮನೆಯಲ್ಲಿ ರಮಾಮಣಿಯ ಜೊತೆ ಉಣ್ಣುತ್ತಿದ್ದಾಳೆ. ಅವಳೂ ನಿಧಾನ.


4-05

"ಮಾಸ್ಟ್ರೇ, ನನಗೆ ಮಲಗಬೇಕು. ಹೊರಡಿ."

"ನೀವು ಮಲಗಿ."

"ಬಾಗಿಲು ಹಾಕಬೇಕು ನಾನು."

"ಹಾಕಿ. ನಾವು ಒಳಗೇ ಇರುತ್ತೇವೆ."

ಅವನು ಮತ್ತೆ ಬೀಗ ಹಾಕಿದ. ಕೀಲಿ ಕಿಸೆಗೆ ಹೋಗಲಿಲ್ಲ, ಮುಷ್ಟಿಯಲ್ಲೇ ಉಂಟು.


4-30

ವಿಠಲ ಬರಲಿಕ್ಕಿಲ್ಲ. ಬರೆದಿಟ್ಟುಕೊಳ್ಳುತ್ತೇನೆ. ಎರಡು ಸಾಲಿನ ಕಾರ್ಡು. ಬಾರದಿದ್ದರೆ? ನಾವು ಎಷ್ಟು ಹೊತ್ತು ಕೂರಬಹುದು? ಇಂದು ಎದ್ದರೆ ಅವಳಿಗೆ ಎಷ್ಟು ಎಲೆಯ ಲೆಕ್ಕ?

ಅವನು ಟಿವಿ ಹಾಕಿದ್ದಾನೆ. ಕ್ಯಾಸೆಟ್ ಇಲ್ಲ, ಬರೀ ಬಿಳಿ ಚುಕ್ಕೆ, ಕರಕರ ಸದ್ದು. ಅದನ್ನೇ ನೋಡುತ್ತಿದ್ದಾನೆ. ಕಿಟಕಿಗೆ ಇನ್ನೂ ಕಂಬಳಿ. ಒಳಗೆ ಕತ್ತಲೆ. ಮಂಡಿಯ ಮೇಲೆ ಅಕ್ಷರ ಸರಿ ಕಾಣುವುದಿಲ್ಲ.

ಹಸಿರು ಉಡುಪಿನವಳ ನೆನಪಾಗುತ್ತಿದೆ, ಇನ್ನೊಂದು ದಿನ ಇರೋಣ ಎಂದವಳು. ಮಹಡಿಯಲ್ಲಿ ಅಳು ಕೇಳಿದಾಗಲೆಲ್ಲ ಉಳಿದವರು ತಟ್ಟೆ ನೋಡಿಕೊಂಡರು. ಅವಳು ಮಾತ್ರ ಮೇಲೆ ನೋಡುತ್ತಿದ್ದಳು. ಅದನ್ನು ನಾನು ಕಂಡಿದ್ದೆ. ಕಂಡೂ ಮೂರ್ಖಳೆಂದು ಬರೆದೆ.


4-55

ವೇದಾವತಿ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು. ಸೆರಗಿಗೆ ಕೈ ಒರೆಸಿಕೊಂಡಳು. "ರಾತ್ರಿಗೂ ಇಲ್ಲೇ ಅಡುಗೆ ಮಾಡುವುದಾ, ಎಂತ?" ಎಂದಳು, ಅವನಿಗೆ ಕೇಳುವ ಹಾಗೆ.

ಅವನು ಟಿವಿ ಆರಿಸಿದ. "ರಮಾ" ಎಂದು ಕರೆದ. ಒಳಗಿನಿಂದ ಉತ್ತರವಿಲ್ಲ. ಸ್ಟಾಪ್‌ವಾಚ್ ತೆಗೆದ. ಒತ್ತಿದ.

ನನ್ನ ವಾಚ್ ನೋಡಿ ನಾನೂ ಬರೆದುಕೊಂಡೆ. 4-57.


5-02

ಇಳಿಜಾರಿನ ಕೆಳಗೆ ಬಸ್ಸು ನಿಂತ ಸದ್ದು. ಹೋಯಿತು.

ಓಣಿಯಲ್ಲಿ ಹೆಜ್ಜೆ. ಒಬ್ಬರದ್ದಲ್ಲ. ಗೇಟಿನ ಕೊಂಡಿ ಸದ್ದಾಯಿತು. ಕಂಬಳಿಯಿಂದಾಗಿ ಯಾರೆಂದು ಕಾಣುವುದಿಲ್ಲ. ಬಾಗಿಲು ತಟ್ಟಿದರು. ಗಂಡಸಿನ ಧ್ವನಿ, ಪರಿಚಯವಿಲ್ಲದ್ದು: "ರಮಾ. ನಾನು, ಅಣ್ಣ. ಕರೆಯಲಿಕ್ಕೆ ಬಂದಿದ್ದೇನೆ."

ರಮಾಮಣಿ ಅಡುಗೆಮನೆಯ ಬಾಗಿಲಿಗೆ ಬಂದಳು. ಪ್ಲಾಸ್ಟರ್ ಕೈಗೆ ಚೀಲ ಸಿಕ್ಕಿಸಿಕೊಂಡಿದ್ದಾಳೆ. ಕಿರುಚಲಿಲ್ಲ, ಸುಮ್ಮನೆ ನಿಂತಿದ್ದಾಳೆ. ಅವಳಿಗೂ ಬಾಗಿಲಿಗೂ ನಡುವೆ ಅವನು. ಕೀಲಿ ಅವನ ಮುಷ್ಟಿಯಲ್ಲಿ.

ಅವನು ಎದ್ದ. ವೇದಾವತಿಯೂ ಎದ್ದಳು. ಈಗ ನಾನು